ಗಾಳಿ ಉಂಡು ಬದುಕುವ ಗಿಡ

ನೀರು ಚೆಲ್ಲುವುದೆಂದರೆ ನನಗೆ ಇಂದಿಗೂ ಜೀವ ಹೋದಂತಾಗುತ್ತದೆ. ಬೀದರಿನ ಮನೆಯಲ್ಲಿ ನಲ್ಲಿ ಬಂದು ಎಷ್ಟೋ ಕಾಲವಾಯಿತು, ಆದರೂ ಹುಟ್ಟೂರು ಔರಾದಿನ ಬರ ನನ್ನ ಮೈಬಿಟ್ಟು ಇಳಿದಿಲ್ಲ. ನಮ್ಮವ್ವನ ರಾಜ್ಯದಲ್ಲಿ ಒಂದೇ ನೀರು ಎರಡು ಕೆಲಸ ಮಾಡದೆ ಅಂಗಳ ದಾಟುತ್ತಿರಲಿಲ್ಲ. ಬೇಳೆ ತೊಳೆದದ್ದು ಎಮ್ಮೆಗೆ, ಮೈ ತೊಳೆದದ್ದು ಕರಿಬೇವಿಗೆ. ನನ್ನನ್ನು ಕರಿಬೇವಿನ ಬುಡದ ಕಲ್ಲಿನ ಮೇಲೆಯೇ ನಿಲ್ಲಿಸಿ ನೀರು ಹಾಕುತ್ತಿದ್ದಳು. ಸ್ನಾನ ನನಗೋ ಗಿಡಕ್ಕೋ ಎಂಬುದು ಕೊನೆಗೂ ತೀರ್ಮಾನವಾಗಲಿಲ್ಲ.

ಇಂಥವನ ಕೈಗೆ ನನ್ನ ಹೆಂಡತಿ ಶಾಂತಾ ತನ್ನ ಗಾಳಿಗಿಡವನ್ನು ಒಪ್ಪಿಸಿ, ತಂಗಿಯ ಮಗಳ ಬಾಣಂತನಕ್ಕೆ ಭಾಲ್ಕಿಗೆ ಹೋದಳು. ಮಣ್ಣಿಲ್ಲ, ಕುಂಡವಿಲ್ಲ, ಕಿಟಕಿಯ ದಾರಕ್ಕೆ ನೇತುಬಿದ್ದ, ತಲೆ ಕೆದರಿದ ಬೂದು ಬಣ್ಣದ ಪುಟ್ಟ ಗಿಡ. ಕಮಠಾಣದ ಶಾಲೆಯಿಂದ ಅವಳು ನಿವೃತ್ತಳಾದ ದಿನ ಜೊತೆಯ ಟೀಚರುಗಳು ಕೊಟ್ಟದ್ದು. ಬೆಳಿಗ್ಗೆ ಅದರ ಮುಂದೆ ನಿಂತು ಆ ಗೆಳತಿಯರ ಹೆಸರೆತ್ತಿ ಮಾತಾಡದಿದ್ದರೆ ಅವಳಿಗೆ ಚಹಾ ರುಚಿಸದು. “ವಾರಕ್ಕೊಮ್ಮಿ ಬೋಗಾಣಿ ನೀರಾಗ ಮುಳುಗಿಸಿ ತಗೀರಿ. ಮತ್ತೇನೂ ಮಾಡಬ್ಯಾಡ್ರಿ,” ಎಂದು ಎರಡೆರಡು ಸಲ ಹೇಳಿದ್ದಳು.

ಗಾಳಿ ಉಣ್ಣುವ ಗಿಡಕ್ಕೆ ಒಂದು ಬೋಗಾಣಿ ತಿಳಿನೀರು! ಮನಸ್ಸು ಒಪ್ಪಲಿಲ್ಲ. ಪಾತ್ರೆ ತೊಳೆದ ನೀರು ಹೇಗೂ ಇತ್ತು, ಅದರಲ್ಲೇ ಮುಳುಗಿಸಿದೆ. ಸಾಬೂನಿನ ನೊರೆ ಕಂಡು, ಗಿಡವೂ ಸ್ವಚ್ಛವಾಯಿತೆಂದು ಹಿಗ್ಗಿದೆ. ಅವಳು ಮರಳುವ ದಿನ ಹತ್ತಿರವಾಗುವಷ್ಟರಲ್ಲಿ ಬುಡ ಕೊಳೆತು, ಮುಟ್ಟಿದರೆ ಎಲೆಗಳು ಕೈಗೇ ಬಂದವು.

ಅಂಥದ್ದೇ ಇನ್ನೊಂದನ್ನು ತೂಗುಹಾಕಿ ಪಾರಾಗೋಣವೆಂದು, ಉಳಿದದ್ದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ನೌಬಾದದ ನರ್ಸರಿಗೆ ಓಡಿದೆ. ಮಾಲೀಕ ಸಲೀಂಭಾಯಿ ಕನ್ನಡಕ ಏರಿಸಿ ನೋಡಿ, “ಸಾಹೇಬ್ರ, ಕೊಳತ ಉಳ್ಳಾಗಡ್ಡಿ ಯಾಕ ತಂದೀರಿ?” ಎಂದರು. ಇದು ಗಿಡವೇ ಎಂದು ನಾನು ಆಣೆ ಮಾಡಿದ ಮೇಲೆ, “ಇಂಥಾದ್ದು ಹೈದರಾಬಾದಿಂದ ತರಸಬೇಕ್ರಿ,” ಎಂದು ಕೈಚೆಲ್ಲಿದರು.

ಅಲ್ಲೇ ಮೂಲೆಯಲ್ಲಿ ಲೋಳೆಸರದ ಮರಿಗಳಿದ್ದವು. ನಾನು ಕಾಲು ಕಿತ್ತಿಡಲಾಗದೆ ನಿಂತುಬಿಟ್ಟೆ. ಬರದ ವರ್ಷ ನಾವು ಮನೆಗೆ ಬೀಗ ಹಾಕಿ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೊರಟಾಗ, ಅವ್ವ ಬಾಗಿಲ ಮೇಲೆ ಲೋಳೆಸರವನ್ನು ತಲೆಕೆಳಗಾಗಿ ಕಟ್ಟಿದ್ದಳು. ದೃಷ್ಟಿಯಾಗದಿರಲೆಂದು ನಮ್ಮ ಕಡೆ ಕಟ್ಟುವುದುಂಟು. “ಖಾಲಿ ಮನಿಗಿ ಯಾರ ದೃಷ್ಟಿ ಆಗ್ತದವ್ವಾ?” ಎಂದು ನಾನು ನಕ್ಕರೆ, “ನಾವು ಬರೋತನಕ ಮನ್ಯಾಗ ಯಾರರೆ ಇರಬೇಕಲ್ಲೋ,” ಎಂದಳು. ಮಳೆಯಾದ ಮೇಲೆ ಮರಳಿದಾಗ ಕರಿಬೇವು ಒಣಗಿ ಕಡ್ಡಿಯಾಗಿತ್ತು. ಲೋಳೆಸರ ಮಾತ್ರ ಮಣ್ಣು ನೀರಿಲ್ಲದೆಯೂ ತುದಿಯನ್ನು ಮೇಲಕ್ಕೆ ಬಾಗಿಸಿಕೊಂಡು ಹಸಿರಾಗಿತ್ತು. ಅವ್ವ ಬೀಗ ತೆಗೆಯುವ ಮೊದಲು ಅದರ ಮೈ ಸವರಿ ಅತ್ತಳು.

ಒಂದು ಮರಿ ತಂದು ಅದೇ ದಾರಕ್ಕೆ ತಲೆಕೆಳಗಾಗಿ ಕಟ್ಟಿದೆ. ಶಾಂತಾ ಬಂದವಳೇ ಕಿಟಕಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. “ನಮ್ಮ ಟೀಚರ್‌ಗೋಳು ಕೊಟ್ಟ ಗಿಡಾ ಎಲ್ಲಿರಿ?” ಪಾತ್ರೆಯ ನೀರಿನಿಂದ ಅವ್ವನ ಬಾಗಿಲವರೆಗೆ ಎಲ್ಲ ಹೇಳಿದೆ. ಅವಳ ಕಣ್ಣು ತುಂಬಿತು. ಗಿಡಕ್ಕೋ ಅವ್ವನಿಗೋ ಎಂದು ಕೇಳುವ ಧೈರ್ಯವಾಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಲೋಳೆಸರದ ಮುಂದೆ ನಿಂತು ಗೆಳತಿಯರ ಹೆಸರೆತ್ತಿ ಮಾತಾಡುತ್ತಿದ್ದಳು. ನನ್ನ ಜೀವ ತಣ್ಣಗಾಯಿತು. ಅಷ್ಟರಲ್ಲಿ ಅವಳು ದನಿ ತಗ್ಗಿಸಿ ಅದಕ್ಕೆ ಹೇಳಿದಳು: “ನಮ್ಮ ಮನಿಯವರು ನೀರು ತಗೊಂಡು ಬಂದ್ರ ನನಗ ಒದರಿ ಕರಿಯವ್ವಾ.”