ಆರು ಕಾಲಿನ ಚಿಂತೆ

ಕೆರೆಯ ಮೇಲೆ ಉದ್ದಕಾಲಿನ ಹುಳಗಳು ಏಳತೊಡಗಿದ್ದೇ ತಡ, ಗಡಿಯಾರ ರಿಪೇರಿಯ ಅಣ್ಣನಿಗೆ ಕೂತಲ್ಲಿ ಕೂರಲಾಗಲಿಲ್ಲ. ಸೊಳ್ಳೆಗೆ ದೊಡ್ಡಣ್ಣನಂತಿದ್ದ ಆ ಹುಳ ಸಿಗುವಾಗ ಮೀನುಗಳು ಬೇರೇನನ್ನೂ ಮೂಸುತ್ತಿರಲಿಲ್ಲ. ಸಂಜೆ ನಾಲ್ಕಕ್ಕೆ ಗಾಳ ಸಂಘದ ಪಂದ್ಯ; ಜೀವಂತ ಹುಳ ಹಾಕುವಂತಿಲ್ಲ, ಕೈಯಲ್ಲಿ ಮಾಡಿದ ನಕಲಿಯೇ ಆಗಬೇಕು. ಅಂಥದೇ ನಕಲಿ ಹುಳವೊಂದನ್ನು ಕೊಕ್ಕೆಗೆ ಕೈಯಾರೆ ಕಟ್ಟಿ, ಮೂರು ವರ್ಷದಿಂದ ಗೆದ್ದು ಮೆರೆಯುತ್ತಿದ್ದ ಷಡ್ಡಕನ ಬಾಯಿ ಮುಚ್ಚಿಸಬೇಕು!

ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಚಿಮಟ ಹಿಡಿದ. ಹುಳದ ಮೈಗೆ ಹಳೆ ಚಪ್ಪಲಿಯ ರಬ್ಬರ್ ಸೀಳು, ತೇಲುತ್ತದೆ. ರೆಕ್ಕೆಗೆ ತೆಳು ಪ್ಲಾಸ್ಟಿಕ್ಕು. ತೊಡಕೆಲ್ಲ ಕಾಲಿನದು. ಪೊರಕೆ ಕಡ್ಡಿ ಕಟ್ಟಿದರೆ ಹುಳ ಕುರ್ಚಿಯಂತೆ ನಿಂತಿತು. ನೈಲಾನ್ ದಾರ ಗುಂಗುರು ಸುತ್ತಿಕೊಂಡಿತು.

ಪಕ್ಕದಂಗಡಿಯ ದರ್ಜಿ ಇಣುಕಿದ. "ಏನಣ್ಣ, ಜೇಡ ಸಾಕ್ತಿದ್ದೀಯಾ?"

"ಹುಳ ಕಣೋ! ಕಾಲಿಗೆ ಏನಾದ್ರೂ ಹೇಳು."

"ಕಾಜಾ ದಾರ ಹಾಕು. ನೀನು ಹೋದ್ರೂ ಕಾಲು ಹೋಗಲ್ಲ."

ಕಾಜಾ ದಾರ ನೀರು ಕುಡಿದು ಒದ್ದೆ ಬೆಕ್ಕಿನ ಬಾಲದಂತೆ ಜೋತುಬಿತ್ತು. ಊಟ ತಂದ ಹೆಂಡತಿಯ ತಲೆಯನ್ನೇ ಅಣ್ಣ ದಿಟ್ಟಿಸಿದ.

"ನನ್ನ ಜಡೆ ಮೇಲೆ ಕಣ್ಣು ಹಾಕಿದ್ರೋ, ಅಷ್ಟೇ!" ಎಂದವಳು ಡಬ್ಬಿ ಕುಕ್ಕಿ ಹೊರಟಳು.

ಗಂಟೆ ಎರಡು. ಆಗ ಕಂಡಿತು, ಎದುರುಮನೆ ಅಜ್ಜಿಯ ಹುಂಜ, ಅದರ ಬಾಲ! ಅಣ್ಣ ಬೇಲಿ ಹಾರಿದ. ಪ್ಯಾಂಟು ಬೇಲಿಯಲ್ಲೇ ಅರ್ಧ ಉಳಿಯಿತು. ಹುಂಜ ಊರು ಕೇಳುವಂತೆ ಅರಚಿತು.

"ಅಜ್ಜಿ, ಒಂದೇ ಒಂದು ಗರಿ..."

"ನಿನ್ನ ಮೀಸೆ ಕೀಳ್ತೀನಿ, ಕೊಡ್ತೀಯೇನೋ?"

ಕೈತುಂಬ ಗೀರು, ಮುಷ್ಟಿಯಲ್ಲಿ ಒಂದು ಗರಿ. ಅದರ ಎಳೆ ಬಿಡಿಸಿ, ಒಂದೊಂದಕ್ಕೂ ಮಂಡಿಯ ಜಾಗದಲ್ಲಿ ಗಂಟು ಹಾಕಿ ಆರು ಕಾಲು ಕಟ್ಟಿದ. ಉಸಿರು ತಾಗಿದರೆ ಸಾಕು, ಕಾಲು ನಡುಗುತ್ತಿದ್ದವು. ಬೆರಗಾದ ದರ್ಜಿ, "ಕಚ್ಚತ್ತಾ?" ಎಂದು ಹಿಂದೆ ಸರಿದ.

ಕೆರೆಯಲ್ಲಿ ಮೊದಲನೇ ಎಸೆತಕ್ಕೇ ನೀರು ಸಿಡಿಯಿತು. ಮೊಳದುದ್ದದ ಮೀನು! ಗೇಣುದ್ದದ್ದನ್ನು ಹಿಡಿದಿದ್ದ ಷಡ್ಡಕನ ಮುಖ ಇಂಗು ತಿಂದ ಮಂಗನಂತಾಯಿತು.

ತೀರ್ಪುಗಾರರು ನಿವೃತ್ತ ಹೆಡ್‌ಮಾಸ್ತರು. ಕನ್ನಡಕ ಏರಿಸಿ ಕೊಕ್ಕೆ ನೋಡಿ, "ಏನ್ರೀ ಇದು? ಜೀವಂತ ಹುಳ ಹಾಕಿದ್ದೀರಿ! ಪಂದ್ಯದಿಂದ ಆಚೆ!" ಎಂದು ಗುಡುಗಿದರು.

"ಸಾರ್, ನಾನೇ ಕಟ್ಟಿದ್ದು ಸಾರ್! ಗರಿ, ರಬ್ಬರು..."

"ಹೀಗೂ ಕಟ್ಟೋಕಾಗತ್ತಾ? ಯಾರಿಗ್ರೀ ಹೇಳ್ತೀರಿ?" ಎಂದರು ಮಾಸ್ತರು. ಷಡ್ಡಕ ನಕ್ಕ.

ಅಣ್ಣನ ರಕ್ತ ಕುದಿಯಿತು. "ನೋಡಿ ಸಾರ್!" ಎಂದು ಒಂದು ಕಾಲು ಕಿತ್ತ, ಎರಡು ಕಿತ್ತ, ಆರೂ ಕಿತ್ತ. ರೆಕ್ಕೆ ಎಳೆದ, ದಾರ ಬಿಚ್ಚಿದ, ರಬ್ಬರನ್ನು ಅವರ ಅಂಗೈಗಿಟ್ಟ.

ಮಾಸ್ತರು ಮೂಸಿ ನೋಡಿ, ಅವನ ಬೆನ್ನು ತಟ್ಟಿದರು. "ಭೇಷ್! ಅಪ್ಪಟ ಕೈಕೆಲಸ. ಗೆದ್ದಿರಿ ಕಣ್ರೀ!"

ಅಣ್ಣನಿಗೆ ಕಣ್ಣು ತುಂಬಿ ಬಂತು.

"ಇನ್ನೇನು, ನಿಯಮದ ಪ್ರಕಾರ ಮೀನು ಹಿಡಿದ ಹುಳಾನ ಇಡಿಯಾಗಿ ಸಂಘಕ್ಕೆ ಒಪ್ಪಿಸಿಬಿಡಿ. ಅದಿಲ್ದೆ ಬಹುಮಾನ ಕೊಡೋ ಹಾಗಿಲ್ಲ," ಎಂದು ಮಾಸ್ತರು ಕೈ ಚಾಚಿದರು.

ಗಾಳಿ ಬೀಸಿತು. ಆರು ಕಾಲುಗಳೂ ಒಂದರ ಹಿಂದೊಂದು ಕೆರೆಯ ಮೇಲೆ ಹಾರಿಹೋದವು.