ಒಂದು ಚಮಚ ಸತುವಿನ ನೀರು

ನಮ್ಮ ಕಾಕಾ ಒಬ್ಬರನ್ನು ಬಿಟ್ಟರೆ ವಿಶಾಖಪಟ್ಟಣದ ಇಡೀ ಗಾಜುವಾಕದಲ್ಲಿ ಮಿದುಳು ನೆಟ್ಟಗಿದ್ದವರು ಯಾರೂ ಇರಲಿಲ್ಲ! ಇದು ನನ್ನ ಮಾತಲ್ಲ, ಅವರದೇ. ಸತುವಿನ ಕಾರ್ಖಾನೆಯ ಲ್ಯಾಬಿನಲ್ಲಿ ವರ್ಷಗಟ್ಟಲೆ ಅದಿರು ಪರೀಕ್ಷಿಸಿ ನಿವೃತ್ತರಾದ ಈ ಧಾರವಾಡದ ಮನುಷ್ಯ, ತೊಂಬತ್ತರ ದಶಕದ ಆ ದಿನಗಳಲ್ಲಿ ಯಾವುದೋ ಪತ್ರಿಕೆ ಓದಿ ಒಂದು ತೀರ್ಮಾನಕ್ಕೆ ಬಂದಿದ್ದರು. ವಯಸ್ಸಾದವರ ನೆನಪು ನಿಂತಿರುವುದೇ ಸತುವಿನ ಮೇಲೆ. ಕಡಿಮೆಯಾದರೂ ಮರೆವು, ಹೆಚ್ಚಾದರೂ ಮರೆವು! "ತೂಕ ತಪ್ಪಬಾರದಪಾ. ಹಲ್ಲು ಹೋಗಲಿ, ಕಣ್ಣು ಹೋಗಲಿ, ನನ್ನ ನೆನಪು ಮಾತ್ರ ಹೋಗಬಾರದು."

ಪರೀಕ್ಷೆ ಸರಳ. ಸತುವಿನ ಲವಣ ಕರಗಿಸಿದ ತೆಳು ನೀರು ಒಂದು ಚಮಚ ಬಾಯಿಗೆ. ಕಹಿ ಎನಿಸಿದರೆ ಸತು ಸಾಕಷ್ಟಿದೆ. ಬರೀ ನೀರು ಎನಿಸಿದರೆ ಕೆಟ್ಟಿರಿ! ಬಾಗಿಲಿಗೆ ಬಂದ ಯಾರಿಗೆ ಬಿಡುಗಡೆ? ಅಂಚೆಯವನು ಮೊದಲ ದಿನ ನಾಲಿಗೆ ಚಪ್ಪರಿಸಿ "ಏಮೀ ಲೇದಂಡಿ", ಏನೂ ಇಲ್ಲ ಎಂದುಬಿಟ್ಟ. ಪಾಪ, ಸತು ಹೆಚ್ಚಲೆಂದು ಒಂದು ಹಿಡಿ ಕುಂಬಳಬೀಜ ಅಲ್ಲೇ ನಿಂತು ಅಗಿಯಬೇಕಾಯಿತು. ಮರುದಿನ ಅವನು ಗೇಟಿನಲ್ಲೇ, ಚಮಚ ಕಾಣುವ ಮೊದಲೇ, ಮುಖ ಹಿಂಡಿ ಕೂಗಿದ: "ಚೇದು ಬಾಬೂ, ಚೇದು!" ಕಹಿಯಂತೆ!

ಕಾಕಾ ಹೆಮ್ಮೆಯಿಂದ ನನ್ನತ್ತ ತಿರುಗಿದರು. "ನೋಡು, ಒಂದ ದಿನದಾಗ ಎಷ್ಟು ಸುಧಾರಿಸ್ಯಾನ!"

ನಾನಾಗ ವಿಜಯವಾಡದ ಗವರ್ನರ್‌ಪೇಟೆಯ ಬ್ಯಾಂಕೊಂದರಲ್ಲಿ ಗುಮಾಸ್ತ. ಬಾಡಿಗೆ ಕೋಣೆಯಲ್ಲಿ ವಾರವಿಡೀ ಕನ್ನಡದ ಒಂದು ಮಾತೂ ಕಿವಿಗೆ ಬೀಳದೆ, ರೈಲು ಹತ್ತಿ ವಿಶಾಖಪಟ್ಟಣಕ್ಕೆ ಓಡುತ್ತಿದ್ದೆ. ವಾರವಾರವೂ ಹೋಗುತ್ತಿದ್ದೆನೆಂದು ನನ್ನ ನೆನಪು. ವರ್ಷಕ್ಕೆ ನಾಲ್ಕು ಸಲ ಎನ್ನುತ್ತದೆ ಡೈರಿ. ಇಬ್ಬರಲ್ಲಿ ಒಬ್ಬರಿಗೆ ಸತು ಕಡಿಮೆ!

ಒಮ್ಮೆ ಕಾಕಾ ಸತುವಿಗೆಂದು ಐದು ಎಳ್ಳುಂಡೆ ತಿಂದರು. ಹೆಚ್ಚಾಯಿತೆಂಬ ಭಯ ಹುಟ್ಟಿತು. ತಾಮ್ರ ಅದನ್ನು ಇಳಿಸುತ್ತದೆಂದು ತಾಮ್ರದ ಕೊಡದಿಂದ ಚೊಂಬುಗಟ್ಟಲೆ ನೀರು ಕುಡಿದರು. ಬೆಳಗೆಲ್ಲ ಬಚ್ಚಲುಮನೆಗೆ ಓಡಾಡಿ, ಬಾಗಿಲು ಹಿಡಿದು ನಿಂತು ಘೋಷಿಸಿದರು: "ಈಗ ಸಮ ಆತು!"

ಚಹಾ ಕುಡಿಯುವಾಗ ಇನ್ನೊಂದು ಪರೀಕ್ಷೆ. ಕಾಕುವಿನ ತವರಿನ ಓಣಿಯ ಮನೆಗಳನ್ನು ಸಾಲಾಗಿ ಒಪ್ಪಿಸುವುದು. ಹೆಂಡತಿಯ ಓಣಿ ಇವರಿಗೇಕೆ ಬಾಯಿಪಾಠ? ಕೇಳಲಿಲ್ಲ, ನಕ್ಕೆ. ಒಂದು ದಿನ "ದೇಸಾಯರ ಮನಿ, ಹಿಟ್ಟಿನ ಗಿರಣಿ, ಆಮ್ಯಾಲೆ... ಆಮ್ಯಾಲೆ..." ಎಂದು ನಿಂತುಬಿಟ್ಟರು.

"ಕಂಚಗಾರರ ಮನಿ," ಎಂದರು ಕಾಕು, ಮೂಲೆಯ ಕುರ್ಚಿಯಿಂದ.

ತರಕಾರಿಯವಳ ಜೊತೆ ತೆಲುಗಿನಲ್ಲೇ ಜಗಳವಾಡಿ ಗೆಲ್ಲುತ್ತಿದ್ದ ಕಾಕುವಿಗೆ ಎರಡು ವರ್ಷದಿಂದ ಮರೆವು. ಮೊದಲು ಹೋದದ್ದು ತೆಲುಗು. ಆಮೇಲೆ ನೆರೆಯವರ ಹೆಸರು, ಆಮೇಲೆ ನಾನು. ಉಳಿದದ್ದು ಕನ್ನಡ ಮತ್ತು ಆ ಓಣಿ.

"ಕಾಕುಗೂ ಆ ನೀರು ಕೊಟ್ಟು ನೋಡಬೇಕಿತ್ತು," ಎಂದೆ, ತಮಾಷೆಗೆ.

"ಕೊಟ್ಟಿದ್ದೆ. ಕಹಿ ಅಂದಳು. ಪಾಸಾದಳಪಾ."

ನಗಲು ಬಾಯಿ ತೆರೆದವನು ಮುಚ್ಚಿಕೊಂಡೆ. "ಹಂಗಿದ್ರ ನೀವ್ಯಾಕ ದಿನಾ ಇಷ್ಟೆಲ್ಲಾ...?"

"ಇನ್ನೇನು ಮಾಡಲಿ?" ಕಾಕಾ ದನಿ ತಗ್ಗಿಸಿದರು. "ಈ ಊರಾಗ ಆಕಿ ಮಾತು ತಿಳಿಯಾಂವ ನಾ ಒಬ್ಬನ. ನಾನೂ ಮರೆತರ ಆಕಿ ಯಾರ ಜೋಡಿ ಮಾತಾಡಬೇಕು?"

ಆ ಪಿಸುಮಾತು ಕಾಕುವಿಗೆ ಕೇಳಿಸಿತೇನೋ. ಗಂಡನ ಮುಖವನ್ನೇ ನೋಡಿದರು. ಮೆಲ್ಲಗೆ ಕಣ್ಣರಳಿತು.

"ಅಯ್ಯ, ನೀವು ಕನ್ನಡದವರೇನ್ರಿ?"

ಕಾಕಾ ಎದ್ದು ನಿಂತರು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

"ಹೌದ್ರಿ. ಧಾರವಾಡದವನ."

"ಛಲೋ ಆತು ನೋಡ್ರಿ! ಇಲ್ಲೆ ಮಾತಾಡ್ಲಿಕ್ಕೆ ಯಾರೂ ಸಿಗೂದಿಲ್ಲ. ಕೂಡ್ರಿ, ಕೂಡ್ರಿ."

ಕಾಕಾ ಕುರ್ಚಿ ಎಳೆದುಕೊಂಡು ಅವರೆದುರು ಕೂತರು.