ಹೋಲ್ಡಾನ್ ಹೇಳಲಾರದ ಚಿಕ್ಕಮ್ಮ

ನನ್ನ ಚಿಕ್ಕಮ್ಮ ವರ್ಷಗಟ್ಟಲೆ ತನ್ನ ಸ್ಟಾಪಿನಲ್ಲಿ ಇಳಿದವಳಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನು! ದಿನಾ ಕಣ್ಣಾರೆ ಕಂಡು ಹೊಟ್ಟೆ ಉರಿಸಿಕೊಂಡವಳು ನಾನು.

ಎಪ್ಪತ್ತರ ದಶಕದಲ್ಲಿ ನಾನು ಬೆಳ್ಮಣ್ಣಿನ ಶಾಲೆಯೊಂದರಲ್ಲಿ ಟೀಚರು. ಚಿಕ್ಕಮ್ಮ ಕಾಪುವಿನ ಕಡಲ ದಂಡೆಯಲ್ಲಿ ಮೀನು ಕೊಂಡು ಕಾರ್ಕಳದ ಮನೆಮನೆಗೆ ಮಾರುವವಳು. ಇಬ್ಬರಿಗೂ ಒಂದೇ ಬಸ್ಸು. ನಮ್ಮ ಕಡೆಯ ಬಸ್ಸಿನಲ್ಲಿ ಇಳಿಯಬೇಕಾದರೆ "ಹೋಲ್ಡಾನ್!" ಎಂದು ಕೂಗಬೇಕು. ಇಳಿದಾದ ಮೇಲೆ ಕಂಡಕ್ಟರ್ ಬಸ್ಸಿನ ಮೈಗೆ ಬಡಿದು "ರೈಟ್ ಪೋಯಿ!" ಎಂದರೆ ಬಸ್ಸು ಹೊರಡುತ್ತದೆ. ಇದು ಎಳೆ ಮಕ್ಕಳಿಗೂ ಗೊತ್ತು. ಚಿಕ್ಕಮ್ಮನ ಮನೆ ಕಾಪು ಪೇಟೆಗೆ ಮೊದಲಿನ ತಿರುವಿನಲ್ಲಿ. ಸಂಜೆ ಹಿಂತಿರುಗುವಾಗ ತಿರುವು ಬಂದರೆ ಸೆರಗು ಹಿಡಿದು ತುಟಿ ಅಲ್ಲಾಡಿಸುವಳು, ಅಷ್ಟೆ. ಬಸ್ಸು ಮುಂದೆ ಹೋಗುವುದು. ಪೇಟೆಯಲ್ಲಿ ಎಲ್ಲರೊಡನೆ ಇಳಿದು, ಖಾಲಿ ಬುಟ್ಟಿ ಹೊತ್ತು, ಬಂದ ದಾರಿಯಲ್ಲೇ ಹಿಂದೆ ನಡೆಯುವಳು! ನಾನು ಕೂಗುತ್ತೇನೆಂದರೆ ಕೈ ಹಿಡಿದು ಜಗ್ಗುವಳು.

"ಬೇಡ ಮಗಾ! ಒಬ್ಬ ಮೀನಿನ ಹೆಂಗಸಿಗೋಸ್ಕರ ಬಸ್ಸು ನಿಲ್ಲಿಸಬೇಕಾ ಅಂತ ಜನ ಹೇಳಲಿಕ್ಕಿಲ್ವಾ?"

ಈ 'ಜನ' ಯಾರು ಸ್ವಾಮೀ? ಎಲ್ಲಿ ವಾಸ? ಸಿಕ್ಕಿದರೆ ನಾಲ್ಕು ಮಾತು ಕೇಳಬೇಕೆಂದು ನನಗೆ ಬಹಳ ಆಸೆಯಿತ್ತು.

ವ್ಯಾಪಾರವೂ ಹಾಗೆಯೇ. ಉಳಿದ ಮೀನಿನ ಹೆಂಗಸರು ಬೀದಿಯ ತುದಿಯಿಂದಲೇ "ಬಂಗುಡೆ! ಬೂತಾಯಿ!" ಎಂದು ಊರೆಬ್ಬಿಸಿದರೆ ಇವಳು ಗೇಟಿನ ಬಳಿ ನಿಂತು ಮೆಲ್ಲನೆ ಕೆಮ್ಮುವಳು. ಒಂದು ಮನೆಯ ಅಜ್ಜಿ ಕೆಮ್ಮು ಕೇಳಿ ಕನಿಕರಪಟ್ಟು ಕರಿಮೆಣಸಿನ ಕಷಾಯ ತಂದುಕೊಟ್ಟರು. ಬೇಡ ಎಂದರೆ ಅಜ್ಜಿ ಏನೆಂದುಕೊಂಡಾರು ಎಂದು ಚಿಕ್ಕಮ್ಮ ಕುಡಿದಳು. ಮರುದಿನ ಅಜ್ಜಿ ಎರಡನೆಯ ಲೋಟ ಸಿದ್ಧಮಾಡಿ ಕಾದಿದ್ದರು!

ಹೀಗಿರುವಾಗ, ಇನ್ನು ಮೀನಿನ ಬುಟ್ಟಿ ಹತ್ತಿಸುವುದಿಲ್ಲ ಎಂದು ಬಸ್ಸಿನವರು ಹೇಳಿಬಿಟ್ಟರು. ಬಸ್ಸಿನ ಟಾಪಿನ ಮೇಲಿನ ಬುಟ್ಟಿಯಿಂದ ಒಂದು ಹನಿ ನೀರು ಇಳಿದು ಬಿಳಿ ಅಂಗಿಯ ಮಹನೀಯರೊಬ್ಬರ ತೋಳಿಗೆ ಬಿದ್ದಿತಂತೆ. ಒಂದು ಹನಿಗೆ ಅಷ್ಟೂ ಹೆಂಗಸರ ಅನ್ನಕ್ಕೆ ಕಲ್ಲು! ಮೀನು ಇವರ ಬಾಯಿಗೆ ಬೇಕು, ಮೂಗಿಗೆ ಬೇಡ. ಎಂಥ ನ್ಯಾಯ!

ಬಸ್ಸಿನ ಧಣಿಗಳ ಹತ್ತಿರ ಯಾರು ಮಾತಾಡುವುದು? ಬಾಯಿ ಜೋರಿದ್ದವರಿಗೆ ಬರವಿರಲಿಲ್ಲ. ಆದರೆ ದಂಡೆಯಲ್ಲಿ ಮೀನು ಹರಾಜಾಗುವ ಏಲಂನಲ್ಲಿ ಎಲ್ಲರೂ ಎಲ್ಲರೊಡನೆ ಜಗಳ ಕಾದವರೇ. ಒಬ್ಬಳನ್ನು ಇನ್ನೊಬ್ಬಳು ಒಪ್ಪಬೇಕಲ್ಲ! ಯಾರೊಡನೆಯೂ ಜಗಳವಾಡದವಳು ಒಬ್ಬಳೇ, ಬಾಯಿಯನ್ನೇ ತೆರೆಯದ ನನ್ನ ಚಿಕ್ಕಮ್ಮ. ಹಾಗೆ ಅವಳು ನಾಯಕಿಯಾದಳು. ಬೇಡ ಎನ್ನಲೂ ಬಾಯಿ ಬರಲಿಲ್ಲ.

ನಾಯಕಿ ಧಣಿಗಳ ಮನೆಗೆ ಹೋದಳು. ಗೇಟಿನಲ್ಲಿ ನಿಂತು ಕೆಮ್ಮಿದಳು. ಒಳಗಿಂದ ಧಣಿಗಳ ಹೆಂಡತಿ, "ಇವತ್ತು ಮೀನು ಬೇಡ, ಸೋಮವಾರ" ಎಂದರು. ತಿರುಗಿ ಬಂದಳು. ನಾನು ಸಿಟ್ಟಿನಿಂದ ರಾತ್ರಿ ಊಟವನ್ನೇ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಕಾಪು ಪೇಟೆಯಲ್ಲಿ ನಾನು ಬಸ್ಸು ಹತ್ತಿ ಕೂತಿದ್ದೆ. ಮೀನು ಮಾರುವವರಲ್ಲಿ ಎಲ್ಲರಿಗಿಂತ ಹಿರಿಯಳಾದ ಅಜ್ಜಿ ಹೇಗೋ ಬುಟ್ಟಿಯನ್ನು ಬಾಗಿಲಿಗೆ ಏರಿಸಿದ್ದಳು. ಕಂಡಕ್ಟರ್ ಕಾಲಿನಿಂದ ಅದನ್ನು ನೂಕಿದ. ಬಂಗುಡೆಯೆಲ್ಲ ರಸ್ತೆಯ ಪಾಲು. "ರೈಟ್ ಪೋಯಿ!" ಎಂದ.

ಅಷ್ಟರಲ್ಲಿ ಯಾರೋ ಬಸ್ಸಿನ ಎದುರಿಗೆ ನಡುರಸ್ತೆಯಲ್ಲಿ ನಿಂತು "ಹೋಲ್ಡಾನ್!" ಎಂದು ಕೂಗಿದರು. ಎಂಥ ಕೂಗು! ಅಂಗಡಿಯವರು ಹೊರಗೆ ಬಂದರು. ನೋಡಿದರೆ ಚಿಕ್ಕಮ್ಮ! ಸೆರಗನ್ನು ಗಟ್ಟಿಯಾಗಿ ಹಿಡಿದಿದ್ದಳು, ಆದರೆ ಜಾಗ ಬಿಡಲಿಲ್ಲ. ಆ ಬಿಳಿ ಅಂಗಿ ಕಿಟಕಿಯಿಂದ ತಲೆ ಹೊರಗೆ ಹಾಕಿತು.

"ಎಂತ ಇದು? ನಾಚಿಕೆ ಇಲ್ವಾ ನಿನಗೆ?"

"ಇತ್ತು ಸ್ವಾಮೀ, ಇಷ್ಟು ದಿನ ಬೇಕಾದಷ್ಟು ಇತ್ತು. ಈ ಮುದುಕಿಯ ಮೀನು ಚೆಲ್ಲಿದವರಿಗೇ ಇಲ್ಲ, ನನಗೆ ಯಾಕೆ? ಮಧ್ಯಾಹ್ನ ನಿಮ್ಮ ಮನೆಯಲ್ಲಿ ಎಂತ ಸಾರು, ಅದನ್ನು ಹೇಳಿ ಮೊದಲು!"

ಬಿಳಿ ಅಂಗಿ ತಲೆ ಒಳಗೆಳೆದುಕೊಂಡಿತು. ನಾನು ಇಷ್ಟು ವರ್ಷ ಹುಡುಕಿದ 'ಜನ' ಇಷ್ಟೇ! ಉಳಿದ ಹೆಂಗಸರು ಬುಟ್ಟಿ ಇಳಿಸಿ ಬಸ್ಸಿನ ಸುತ್ತ ಕೂತರು. ಧಣಿಗಳೇ ಓಡಿ ಬರಬೇಕಾಯಿತು. "ಬುಟ್ಟಿಯಡಿಗೆ ಅಡಿಕೆ ಹಾಳೆ ಹಾಕುತ್ತೇವೆ, ನೀರು ಇಳಿಯುವುದಿಲ್ಲ" ಎಂದಳು ಚಿಕ್ಕಮ್ಮ. "ನೀವು ಅಜ್ಜಿಯ ಮೀನಿನ ದುಡ್ಡು ಕೊಡಿ, ಬುಟ್ಟಿ ಹತ್ತಿಸಿ." ಧಣಿಗಳು ಒಪ್ಪಿದರು.

ಮುಂದೆ ಎಂಬತ್ತರ ದಶಕದಲ್ಲಿ ಅವಳು ಮೀನು ಮಾರುವ ಹೆಂಗಸರ ಸಂಘ ಕಟ್ಟಿದ್ದು, ಉಡುಪಿಯ ಕಚೇರಿಗಳಲ್ಲಿ ಮೇಜು ಕುಟ್ಟಿ ಮಾತಾಡಿದ್ದು ಊರಿಗೇ ಗೊತ್ತು. ನನಗೆ ನೆನಪಾಗುವುದು ಮಾತ್ರ ಆ ದಿನದ ಸಂಜೆ.

ಕಾರ್ಕಳದಿಂದ ಬರುವಾಗ ಬಸ್ಸು ತುಂಬ ಅವಳದೇ ಮಾತು, ನಗು. ಅವಳು ಹಿಂದಿನ ಸೀಟಿನಲ್ಲಿ ಮುದುಡಿ ಕೂತಿದ್ದಳು. ತಿರುವು ಹತ್ತಿರ ಬಂತು. ಚಿಕ್ಕಮ್ಮ ಸೆರಗು ಹಿಡಿದಳು. ತುಟಿ ಅಲ್ಲಾಡಿತು. ಅಯ್ಯೋ ದೇವರೇ, ಊರಿಗೆಲ್ಲ ಕೂಗಿದವಳಿಗೆ ತನಗಾಗಿ ಒಂದು ಮಾತು ಬಾರದೇ! ನನಗೆ ಮತ್ತೆ ಸಿಟ್ಟು ಉಕ್ಕಿತು, ಕೂಗಲು ಬಾಯಿ ತೆರೆದೆ. ಬೆಳಗಿನ ಅಜ್ಜಿ ನನ್ನ ಕೈ ಒತ್ತಿ, "ಶ್! ಅವಳೇ ಹೇಳಲಿ" ಎಂದಳು. ಒಬ್ಬೊಬ್ಬರಾಗಿ ಎಲ್ಲರೂ ಸುಮ್ಮನಾದರು. ಕಂಡಕ್ಟರ್ ಸಹ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ.

"ಹೋಲ್ಡಾನ್" ಎಂದಳು ಚಿಕ್ಕಮ್ಮ, ಪಿಸುಮಾತಿನಲ್ಲಿ.

ಬಸ್ಸು ಎಷ್ಟು ಮೌನವಾಗಿತ್ತೆಂದರೆ, ಮುಂದಿದ್ದ ಡ್ರೈವರನಿಗೆ ಅದು ಕೇಳಿಸಿತು. ಬ್ರೇಕು ಬಿತ್ತು.

ಅವಳು ಬುಟ್ಟಿ ಹಿಡಿದು ಇಳಿದಳು. ತನ್ನ ಮನೆಯ ದಾರಿಯನ್ನು ಹೊಸದಾಗಿ ಕಂಡವಳಂತೆ ನೋಡಿದಳು. ಬಸ್ಸು ಹೊರಡಲಿಲ್ಲ, ಕಂಡಕ್ಟರ್ ಬಸ್ಸಿನ ಮೈಗೆ ಬಡಿಯಲೇ ಇಲ್ಲ. ಕೊನೆಗೆ ಅವಳೇ ತಿರುಗಿ, ಮೀನಿನ ಕೈಯಿಂದ ಬಸ್ಸಿನ ಮೈಗೆ ಎರಡು ಬಡಿದು ಹೇಳಿದಳು:

"ರೈಟ್ ಪೋಯಿ!"